ಸಾಫ್ಟ್‌ವೇರಿಗೆ ಪೇಟೆಂಟ್: ನಮ್ಮ ಕಾನೂನು ಗೆರೆ ಎಳೆದಿರುವುದೆಲ್ಲಿ?

ನಾಲ್ಕು ಜನ ಸೇರಿ ಒಂದು ಆ್ಯಪ್ ಕಟ್ಟಿ ಬಂಡವಾಳ ಕೇಳಲು ಹೋದಾಗ ಎದುರಾಗುವ ಪ್ರಶ್ನೆಗಳಲ್ಲಿ ಇದೂ ಒಂದು: ಪೇಟೆಂಟ್ ಮಾಡಿಸಿದ್ದೀರಾ? ಆಗ ತಂಡದೊಳಗೇ ಎರಡು ಮಾತು ಶುರುವಾಗುತ್ತದೆ. ಭಾರತದಲ್ಲಿ ಸಾಫ್ಟ್‌ವೇರಿಗೆ ಪೇಟೆಂಟೇ ಕೊಡುವುದಿಲ್ಲ ಎನ್ನುತ್ತಾರೆ ಒಬ್ಬರು. ನಾನು ಮೊದಲು ಕೆಲಸ ಮಾಡುತ್ತಿದ್ದ ಕಂಪನಿಗೆ ಸಿಕ್ಕಿತ್ತಲ್ಲ ಎನ್ನುತ್ತಾರೆ ಇನ್ನೊಬ್ಬರು. ಇಬ್ಬರೂ ಹೇಳುವುದರಲ್ಲಿ ಅರ್ಧರ್ಧ ನಿಜವಿದೆ. ನೀವು ಬರೆದ ಕೋಡಿಗೆ ಇಲ್ಲಿ ಪೇಟೆಂಟ್ ಇಲ್ಲ. ಆ ಕೋಡು ಯಂತ್ರದಲ್ಲೋ ಹೊರಗಿನ ಜಗತ್ತಿನಲ್ಲೋ ಒಂದು ತಾಂತ್ರಿಕ ತೊಡಕನ್ನು ಹೊಸ ರೀತಿಯಲ್ಲಿ ಬಿಡಿಸಿದ್ದರೆ, ಹಾಗೆ ಬಿಡಿಸಿದ ಬಗೆಗೆ ಪೇಟೆಂಟ್ ಸಿಗಬಹುದು. ಇವೆರಡರ ನಡುವಿನ ಗೆರೆ ಎಲ್ಲಿದೆ ಎಂಬುದರ ಮೇಲೆ ಕಾಲು ಶತಮಾನದಿಂದ ಜಗ್ಗಾಟ ನಡೆದಿದೆ. ಹಣ ಮತ್ತು ಸಮಯ ಎರಡೂ ಕಡಿಮೆ ಇರುವ ಸಣ್ಣ ತಂಡಗಳಿಗೆ ಈ ಗೆರೆಯ ಪರಿಚಯ ಅರ್ಜಿ ಹಾಕುವ ಮುನ್ನವೇ ಇರಬೇಕು.

1970ರ ಪೇಟೆಂಟ್ ಕಾಯ್ದೆಯ ಕಲಂ 3, ಯಾವುದನ್ನು ಆವಿಷ್ಕಾರವೆಂದು ಪರಿಗಣಿಸಬಾರದು ಎಂಬುದರ ಪಟ್ಟಿ. ಅದರಲ್ಲಿ (ಕೆ) ಎಂಬ ಒಂದೇ ಸಾಲಿನಲ್ಲಿ ನಾಲ್ಕು ಸಂಗತಿಗಳಿವೆ: ಗಣಿತದ ವಿಧಾನ, ವ್ಯಾಪಾರದ ವಿಧಾನ, ಕಂಪ್ಯೂಟರ್ ಪ್ರೋಗ್ರಾಂ 'ಪರ್ ಸೆ', ಮತ್ತು ಅಲ್ಗಾರಿದಮ್. 'ಪರ್ ಸೆ' ಎಂದರೆ ತನ್ನಷ್ಟಕ್ಕೆ ತಾನು. ಪ್ರೋಗ್ರಾಂ ಬರೀ ಪ್ರೋಗ್ರಾಂ ಆಗಿದ್ದರೆ ಪೇಟೆಂಟ್ ಇಲ್ಲ ಎಂದಾಯಿತು. ಅದು ಬರೀ ಪ್ರೋಗ್ರಾಂಗಿಂತ ಹೆಚ್ಚಿನದಾಗುವುದು ಯಾವಾಗ ಎಂದು ಕಾಯ್ದೆ ಹೇಳುವುದಿಲ್ಲ. ಇಲ್ಲಿಯವರೆಗಿನ ಮಾರ್ಗಸೂಚಿ, ಮೇಲ್ಮನವಿ, ತೀರ್ಪುಗಳೆಲ್ಲ ಆ ಮೌನವನ್ನು ತುಂಬುವ ಪ್ರಯತ್ನಗಳೇ. ಇನ್ನೊಂದು ವಿಷಯವನ್ನೂ ಗಮನಿಸಬೇಕು. 'ಪರ್ ಸೆ' ಎಂಬ ರಿಯಾಯಿತಿ ಅಂಟಿಕೊಂಡಿರುವುದು ಪ್ರೋಗ್ರಾಂಗೆ ಮಾತ್ರ. ವ್ಯಾಪಾರದ ವಿಧಾನಕ್ಕೆ ಆ ರಿಯಾಯಿತಿ ಇಲ್ಲ. ನಮ್ಮ ಎಷ್ಟೋ ಸ್ಟಾರ್ಟ್‌ಅಪ್‌ಗಳ ಅರ್ಜಿ ಮುಗ್ಗರಿಸುವುದು ಇಲ್ಲೇ.

ಗೆರೆ ಎಳೆದವರು ಯಾರು?

ಈ ಸಾಲು ಮೂಲ ಕಾಯ್ದೆಯಲ್ಲಿ ಇರಲಿಲ್ಲ. 2002ರ ತಿದ್ದುಪಡಿಯಲ್ಲಿ ಸೇರಿ, 2003ರ ಮೇ 20ರಿಂದ ಜಾರಿಗೆ ಬಂತು. ವಿಶ್ವ ವ್ಯಾಪಾರ ಸಂಸ್ಥೆಯ ಟ್ರಿಪ್ಸ್ ಒಪ್ಪಂದಕ್ಕೆ ತಕ್ಕಂತೆ ನಮ್ಮ ಕಾಯ್ದೆಯನ್ನು ಬದಲಿಸಬೇಕಿದ್ದ ಕಾಲ ಅದು. ತಂತ್ರಜ್ಞಾನದ ಎಲ್ಲ ಕ್ಷೇತ್ರಗಳ ಆವಿಷ್ಕಾರಗಳಿಗೂ ಪೇಟೆಂಟ್ ಕೊಡಬೇಕು ಎನ್ನುವ ಆ ಒಪ್ಪಂದವೇ, ಕಂಪ್ಯೂಟರ್ ಪ್ರೋಗ್ರಾಂಗಳನ್ನು ಸಾಹಿತ್ಯ ಕೃತಿಗಳಂತೆ ಕಾಪಿರೈಟ್ ಮೂಲಕ ರಕ್ಷಿಸಬೇಕು ಎಂದೂ ಹೇಳುತ್ತದೆ. ನಮ್ಮ ಸಂಸತ್ತು ಎರಡನೆಯ ದಾರಿಗೆ ಒತ್ತುಕೊಟ್ಟಿತು. ಮಸೂದೆಯನ್ನು ಪರಿಶೀಲಿಸಿದ ಜಂಟಿ ಸಂಸದೀಯ ಸಮಿತಿ 'ಪರ್ ಸೆ' ಸೇರಿಸಿದ್ದಕ್ಕೆ ಕಾರಣವನ್ನೂ ಕೊಟ್ಟಿದೆ: ಪ್ರೋಗ್ರಾಂ ಜೊತೆಗೆ ಬೇರೆ ಸಂಗತಿಗಳೂ ಕೂಡಿದ್ದು, ಅವು ಆವಿಷ್ಕಾರದ ಮಟ್ಟಕ್ಕೆ ಏರಿದ್ದರೆ ಅಂಥವನ್ನು ತಳ್ಳಿಹಾಕುವ ಉದ್ದೇಶವಿಲ್ಲ, ಆದರೆ ಪ್ರೋಗ್ರಾಂಗೇ ಪೇಟೆಂಟ್ ಕೊಡುವ ಉದ್ದೇಶವೂ ಇಲ್ಲ.

ಇದಾದ ಎರಡೇ ವರ್ಷಕ್ಕೆ ಗೆರೆಯನ್ನು ಸರಿಸುವ ದೊಡ್ಡ ಪ್ರಯತ್ನ ನಡೆಯಿತು. 2005ರ ಜನವರಿ 1ರೊಳಗೆ ಔಷಧಗಳಿಗೂ ಉತ್ಪನ್ನ ಪೇಟೆಂಟ್ ಕೊಡುವ ವ್ಯವಸ್ಥೆ ಆಗಬೇಕಿತ್ತು. ಗಡುವು ಮುಗಿಯಲು ಕೆಲವೇ ದಿನಗಳಿದ್ದಾಗ, 2004ರ ಡಿಸೆಂಬರ್ ಕೊನೆಯಲ್ಲಿ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿತು. ಚರ್ಚೆಯೆಲ್ಲ ಔಷಧಗಳ ಸುತ್ತ ನಡೆದಿತ್ತು. ಆದರೆ ಅದೇ ಸುಗ್ರೀವಾಜ್ಞೆ 3(ಕೆ)ಯನ್ನೂ ಬದಲಿಸಿತ್ತು. ಉದ್ಯಮದಲ್ಲಿ ತಾಂತ್ರಿಕವಾಗಿ ಬಳಕೆಯಾಗುವ, ಇಲ್ಲವೇ ಹಾರ್ಡ್‌ವೇರ್ ಜೊತೆ ಸೇರಿದ ಪ್ರೋಗ್ರಾಂಗಳಿಗೆ ಬಾಗಿಲು ತೆರೆದಿತ್ತು. ಹಾರ್ಡ್‌ವೇರ್ ಇಲ್ಲದೆ ಓಡುವ ಪ್ರೋಗ್ರಾಂ ಯಾವುದಿದೆ? ಆ ಮಾತುಗಳು ಹಾಗೇ ಉಳಿದಿದ್ದರೆ ನಿಷೇಧ ಹೆಸರಿಗಷ್ಟೇ ಇರುತ್ತಿತ್ತು. ಎಡಪಕ್ಷಗಳೂ ಮುಕ್ತ ತಂತ್ರಾಂಶ ಚಳವಳಿಯವರೂ ವಿರೋಧಿಸಿದರು. ಸುಗ್ರೀವಾಜ್ಞೆಯ ಜಾಗದಲ್ಲಿ 2005ರಲ್ಲಿ ಬಂದ ತಿದ್ದುಪಡಿ ಕಾಯ್ದೆ ಆ ಬದಲಾವಣೆಯನ್ನು ಕೈಬಿಟ್ಟು ಹಳೆಯ ಮಾತನ್ನೇ ಉಳಿಸಿತು. ಅದೇ ವರ್ಷ ಜುಲೈ 6ರಂದು ಯುರೋಪಿನ ಸಂಸತ್ತೂ ಕಂಪ್ಯೂಟರ್ ಮೂಲಕ ಜಾರಿಯಾಗುವ ಆವಿಷ್ಕಾರಗಳ ನಿರ್ದೇಶನವನ್ನು 648 ಮತಗಳಿಂದ ತಿರಸ್ಕರಿಸಿತು. ಪರವಾಗಿ ಬಿದ್ದದ್ದು 14 ಮತ.

ನನ್ನ ದೃಷ್ಟಿಯಲ್ಲಿ 2005ರ ಆ ನಿರ್ಧಾರ ಬಹಳ ದೊಡ್ಡದು. ಪ್ರೋಗ್ರಾಂ ಬರೆಯುವವರೆಲ್ಲ ನಿತ್ಯ ಬಳಸುವ ಹುಡುಕುವ, ವಿಂಗಡಿಸುವ, ಅಡಕಗೊಳಿಸುವ ವಿಧಾನಗಳಿಗೆ ಒಬ್ಬೊಬ್ಬ ಮಾಲೀಕ ಹುಟ್ಟಿಕೊಂಡರೆ, ಪ್ರತಿ ಸಾಲು ಬರೆಯುವ ಮುನ್ನ ವಕೀಲರನ್ನು ಕೇಳುವ ಸ್ಥಿತಿ ಬರುತ್ತದೆ. ಆ ಖರ್ಚನ್ನು ದೊಡ್ಡ ಕಂಪನಿ ತಾಳಿಕೊಂಡೀತು, ದಾವಣಗೆರೆಯ ಒಂದು ಕೋಣೆಯ ಕಂಪನಿ ತಾಳಲಾರದು. ಹಾಗೆಂದು ನಿಜವಾದ ತಾಂತ್ರಿಕ ಶೋಧವೊಂದನ್ನು, ಅದು ಕೋಡಿನ ರೂಪದಲ್ಲಿದೆ ಎಂಬ ಒಂದೇ ಕಾರಣಕ್ಕೆ ತಳ್ಳಿಹಾಕುವುದೂ ನ್ಯಾಯವಲ್ಲ. ಗೆರೆ ಎಲ್ಲಾದರೂ ಇರಲಿ, ಕಾಣುವಂತೆ ಇರಬೇಕು.

ಆ ವಿಷಯದಲ್ಲಿ ಪೇಟೆಂಟ್ ಕಚೇರಿ ನಮ್ಮನ್ನು ಬಹಳ ಅಲೆದಾಡಿಸಿದೆ. 2015ರ ಆಗಸ್ಟ್‌ನಲ್ಲಿ ಬಂದ ಮಾರ್ಗಸೂಚಿ ಬಾಗಿಲನ್ನು ಅಗಲವಾಗಿ ತೆರೆಯಿತು. ಬೆಂಗಳೂರಿನ ಐಸ್ಪಿರ್ಟ್ ಸೇರಿದಂತೆ ಹಲವು ಸಂಘಟನೆಗಳು ಆಕ್ಷೇಪಿಸಿ ಪ್ರಧಾನಿ ಕಚೇರಿಗೆ ಬರೆದವು, ಡಿಸೆಂಬರ್‌ನಲ್ಲಿ ಅದನ್ನು ತಡೆಹಿಡಿಯಲಾಯಿತು. 2016ರ ಫೆಬ್ರುವರಿಯಲ್ಲಿ ಬಂದ ಹೊಸ ಮಾರ್ಗಸೂಚಿ ಇನ್ನೊಂದು ತುದಿಗೆ ಹೋಯಿತು: ಪ್ರೋಗ್ರಾಂ ಜೊತೆಗೆ ಹೊಸ ಹಾರ್ಡ್‌ವೇರ್ ಇದ್ದರೆ ಮಾತ್ರ ಮುಂದಿನ ಮಾತು. 2017ರ ಜೂನ್‌ನಲ್ಲಿ ಆ ಷರತ್ತು ಹೋಯಿತು. 2025ರಲ್ಲಿ ಮತ್ತೆ ಕರಡುಗಳು ಬಂದು, ಜುಲೈನಲ್ಲಿ ಅಂತಿಮ ಮಾರ್ಗಸೂಚಿ ಹೊರಬಿತ್ತು. ನ್ಯಾಯಾಲಯಗಳ ತೀರ್ಪುಗಳನ್ನು ಒಳಗೊಂಡ, ಕೃತಕ ಬುದ್ಧಿಮತ್ತೆ, ಬ್ಲಾಕ್‌ಚೈನ್‌ನಂಥ ವಿಷಯಗಳನ್ನೂ ಚರ್ಚಿಸುವ ಇದೇ ಈಗ ನೋಡಬೇಕಾದ ದಾಖಲೆ. ಇಂಟರ್‌ನೆಟ್ಟಿನಲ್ಲಿ ಸಿಗುವ ಹಳೆಯ ಸಲಹೆಗಳು ಯಾವ ವರ್ಷದವು ಎಂದು ನೋಡದೆ ನಂಬಬೇಡಿ. 2016ರ ಸಲಹೆ ಇಂದು ತಪ್ಪು ದಾರಿಗೆ ಎಳೆಯುತ್ತದೆ. ಮಾರ್ಗಸೂಚಿ ಏನಿದ್ದರೂ ಅದು ಕಾನೂನಲ್ಲ ಎಂಬುದೂ ನೆನಪಿರಲಿ. ಕಾಯ್ದೆಗೆ ವಿರುದ್ಧವಾದರೆ ಕಾಯ್ದೆಯ ಮಾತೇ ಗೆಲ್ಲುತ್ತದೆ.

ತೀರ್ಪುಗಳು ಏನು ಹೇಳುತ್ತವೆ

ಗಟ್ಟಿ ಆಧಾರ ಸಿಕ್ಕಿದ್ದು ದೆಹಲಿ ಹೈಕೋರ್ಟಿನಲ್ಲಿ. ಟ್ಯುನೀಷಿಯಾದ ಫೆರಿದ್ ಅಲ್ಲಾನಿ, ಜಾಲತಾಣಗಳ ಮಾಹಿತಿಯನ್ನು ಬೇಗ ತಲುಪುವ ಒಂದು ವಿಧಾನ ಮತ್ತು ಸಾಧನಕ್ಕಾಗಿ 2002ರಲ್ಲಿ ಇಲ್ಲಿ ಅರ್ಜಿ ಹಾಕಿದ್ದರು. ಅದು ತಿರಸ್ಕೃತವಾಗಿ, ಮೇಲ್ಮನವಿ ಮಂಡಳಿಯಲ್ಲೂ ಸೋತು, 2019ರ ಡಿಸೆಂಬರ್ 12ರಂದು ಹೈಕೋರ್ಟಿನಲ್ಲಿ ಜೀವ ಪಡೆಯಿತು. ಈ ಕಾಲದಲ್ಲಿ ಬಹುಪಾಲು ಆವಿಷ್ಕಾರಗಳು ಪ್ರೋಗ್ರಾಂ ಆಧರಿಸಿಯೇ ಇರುವಾಗ ಅವೆಲ್ಲಕ್ಕೂ ಪೇಟೆಂಟ್ ಇಲ್ಲ ಎನ್ನುವುದು ಹಿಂದಕ್ಕೆ ಹೋದಂತೆ. ಆವಿಷ್ಕಾರ 'ತಾಂತ್ರಿಕ ಪರಿಣಾಮ' ಅಥವಾ 'ತಾಂತ್ರಿಕ ಕೊಡುಗೆ' ತೋರಿಸಿದರೆ ಅದು ಪ್ರೋಗ್ರಾಂ ಆಧರಿಸಿದೆ ಎಂಬುದು ಅಡ್ಡಿಯಾಗಬಾರದು ಎಂಬುದು ತೀರ್ಪಿನ ಸಾರ. 2020ರಲ್ಲಿ ಪೇಟೆಂಟ್ ಮಂಜೂರಾಯಿತು, ಅರ್ಜಿ ಹಾಕಿ ಹದಿನೆಂಟು ವರ್ಷಗಳ ನಂತರ. ಪೇಟೆಂಟಿನ ಆಯಸ್ಸೇ ಅರ್ಜಿಯ ದಿನದಿಂದ 20 ವರ್ಷ ಎಂಬುದನ್ನು ನೆನೆದರೆ ಈ ವಿಳಂಬದ ಕ್ರೌರ್ಯ ತಿಳಿಯುತ್ತದೆ.

2023ರಲ್ಲಿ ಅದೇ ನ್ಯಾಯಾಲಯ ಇನ್ನೂ ಮೂರು ಮುಖ್ಯ ತೀರ್ಪು ಕೊಟ್ಟಿತು. ಮೈಕ್ರೋಸಾಫ್ಟ್ ಪ್ರಕರಣ, ಒಂದು ಜಾಲತಾಣದ ಉಪವಿಭಾಗಗಳಿಗೆ ಬಳಕೆದಾರರನ್ನು ದೃಢೀಕರಿಸುವ ವಿಧಾನದ್ದು. ಅದು ಬರೀ ಪ್ರೋಗ್ರಾಂ ಅಲ್ಲ, ಜಾಲದ ಭದ್ರತೆಯಲ್ಲಿ ತಾಂತ್ರಿಕ ಸುಧಾರಣೆ ಇದೆ ಎಂದು ಹೈಕೋರ್ಟ್ ತಿರಸ್ಕಾರವನ್ನು ರದ್ದುಪಡಿಸಿತು. ರೇಥಿಯಾನ್ ಪ್ರಕರಣದಲ್ಲಿ, ಹೊಸ ಹಾರ್ಡ್‌ವೇರ್ ತೋರಿಸಿ ಎಂದು ಪಟ್ಟು ಹಿಡಿಯಲು ಕಾನೂನಿನಲ್ಲಿ ಆಧಾರವಿಲ್ಲ ಎಂದಿತು. ಮೂರನೆಯದು ಓಪನ್‌ಟಿವಿ ಪ್ರಕರಣ. ಜಾಲದ ಮೂಲಕ ಒಬ್ಬರು ಇನ್ನೊಬ್ಬರಿಗೆ ಹಾಡು, ಚಿತ್ರ ಇತ್ಯಾದಿಗಳನ್ನು ಉಡುಗೊರೆ ಕೊಡುವ ವ್ಯವಸ್ಥೆ ಅದು. ಹಿನ್ನೆಲೆಯಲ್ಲಿ ಎಷ್ಟು ಸರ್ವರುಗಳಿದ್ದರೂ ಮೂಲತಃ ಅದು ವ್ಯಾಪಾರದ ವಿಧಾನ, ಅಂಥದ್ದಕ್ಕಿರುವ ನಿಷೇಧ ಸಂಪೂರ್ಣ ಎಂದು ಮೇಲ್ಮನವಿ ವಜಾ ಆಯಿತು. ಆದರೆ ಈ ನಿಷೇಧವನ್ನು ಮರುಪರಿಶೀಲಿಸುವ ಅಗತ್ಯವಿದೆ ಎಂದು ಅದೇ ತೀರ್ಪು ಹೇಳಿದೆ. 2021ರಲ್ಲಿ ಸಂಸದೀಯ ಸ್ಥಾಯಿ ಸಮಿತಿಯೂ 3(ಕೆ)ಯನ್ನು ಪುನರ್ವಿಮರ್ಶಿಸಬೇಕೆಂದು ಶಿಫಾರಸು ಮಾಡಿತ್ತು. ಕಾಯ್ದೆಯ ಮಾತು ಮಾತ್ರ ಬದಲಾಗಿಲ್ಲ.

ನಿಮ್ಮ ಕೆಲಸವನ್ನು ಅಳೆಯುವುದು ಹೇಗೆ?

ತೀರ್ಪುಗಳನ್ನು ಓದಿದ ಮೇಲೂ ನಮ್ಮದು ಯಾವ ಕಡೆ ಎಂಬ ಗೊಂದಲ ಉಳಿಯುತ್ತದೆ. ಕೆಲವು ಕಲ್ಪಿತ ಉದಾಹರಣೆಗಳನ್ನು ನೋಡೋಣ.

ಶಿರಸಿ, ಸಾಗರ, ಶಿವಮೊಗ್ಗ ಮಾರುಕಟ್ಟೆಗಳ ರಾಶಿ, ಬೆಟ್ಟೆ ಅಡಿಕೆಯ ದರವನ್ನು ಒಟ್ಟುಗೂಡಿಸಿ, ಇಂದು ಎಲ್ಲಿ ಮಾರಿದರೆ ಲಾಭ ಎಂದು ಬೆಳೆಗಾರರಿಗೆ ತಿಳಿಸುವ ಆ್ಯಪ್ ಇದೆ ಎನ್ನಿ. ತುಂಬಾ ಉಪಯುಕ್ತ, ಆದರೆ ಪೇಟೆಂಟ್ ಸಿಗದು. ಮಾಹಿತಿಯ ಪ್ರದರ್ಶನವನ್ನು ಕಲಂ 3(ಎನ್) ಹೊರಗಿಡುತ್ತದೆ, ಎಲ್ಲಿ ಮಾರಬೇಕೆಂಬ ಲೆಕ್ಕವನ್ನು 3(ಕೆ) ಹೊರಗಿಡುತ್ತದೆ. ಸ್ವಸಹಾಯ ಸಂಘದ ಸದಸ್ಯರ ಉಳಿತಾಯದ ದಾಖಲೆ ನೋಡಿ ಯಾರಿಗೆ ಎಷ್ಟು ಸಾಲ ಕೊಡಬಹುದು ಎಂದು ಅಂಕ ಹಾಕುವ ಸಾಫ್ಟ್‌ವೇರಿನದೂ ಇದೇ ಕಥೆ. ಅದು ಎಷ್ಟೇ ಜಾಣತನದ್ದಾಗಿದ್ದರೂ ವ್ಯಾಪಾರದ ವಿಧಾನ.

ಈಗ ಸುಲಿದ ಅಡಿಕೆಯನ್ನು ಕ್ಯಾಮೆರಾದಲ್ಲಿ ನೋಡಿ ದರ್ಜೆವಾರು ಬೇರ್ಪಡಿಸುವ ಯಂತ್ರವನ್ನು ತೆಗೆದುಕೊಳ್ಳಿ. ಬಿಂಬವನ್ನು ವಿಶ್ಲೇಷಿಸುವುದು ಪ್ರೋಗ್ರಾಂ, ಆದರೆ ಅದರ ಫಲ ಪಟ್ಟಿಯ ಮೇಲೆ ಓಡುತ್ತಿರುವ ಅಡಿಕೆ ಸರಿಯಾದ ಬುಟ್ಟಿಗೆ ಬೀಳುವುದು. ಇಲ್ಲಿ ತಾಂತ್ರಿಕ ಪರಿಣಾಮದ ಬಗ್ಗೆ ತಕರಾರು ಕಡಿಮೆ. ತೊಡಕು ಬೇರೆ ಕಡೆಯಿದೆ. ಕ್ಯಾಮೆರಾ ಬಳಸಿ ಕಾಳು, ಬೀಜ, ಹಣ್ಣು ಬೇರ್ಪಡಿಸುವ ಯಂತ್ರಗಳು ಹಿಂದಿನಿಂದಲೂ ಇವೆ. ನಿಮ್ಮದರಲ್ಲಿ ಹೊಸದೇನು, ಆ ಹೊಸದು ಕ್ಷೇತ್ರದ ಪರಿಣತರಿಗೆ ಸುಲಭವಾಗಿ ಹೊಳೆಯದಂಥದ್ದೇ ಎಂಬ ಪ್ರಶ್ನೆ ಬರುತ್ತದೆ. 3(ಕೆ) ದಾಟಿದ ಮೇಲೂ ಹೊಸತನ, ಆವಿಷ್ಕಾರಕ ಹೆಜ್ಜೆ, ಉದ್ಯಮದಲ್ಲಿ ಬಳಕೆ ಎಂಬ ಎಲ್ಲ ಪೇಟೆಂಟುಗಳ ಪರೀಕ್ಷೆ ಬಾಕಿ ಇರುತ್ತದೆ.

ನಡುವಿನ ಪ್ರದೇಶವೇ ಕಷ್ಟದ್ದು. ಕಡಿಮೆ ಬೆಲೆಯ ಫೋನಿನಲ್ಲಿ, ಇಂಟರ್‌ನೆಟ್ ಇಲ್ಲದಾಗಲೂ ಕನ್ನಡದ ಮಾತನ್ನು ಬರಹಕ್ಕೆ ಇಳಿಸುವ ತಂತ್ರವನ್ನು ನೀವು ರೂಪಿಸಿದ್ದೀರಿ ಎನ್ನೋಣ. ಅದನ್ನು 'ಮಾತನ್ನು ಗುರುತಿಸುವ ಮಾದರಿ' ಎಂದು ಬರೆದರೆ ಪರೀಕ್ಷಕರ ಕಣ್ಣಿಗೆ ಕಾಣುವುದು ಗಣಿತ ಮತ್ತು ಅಲ್ಗಾರಿದಮ್. ಫೋನಿನ ಮೆಮೊರಿಯನ್ನು ಹೇಗೆ ಹಂಚಿದಿರಿ, ಪ್ರೊಸೆಸರ್ ಮೇಲಿನ ಹೊರೆ ಯಾವ ಕ್ರಮದಿಂದ ತಗ್ಗಿತು, ಅದರಿಂದ ಬ್ಯಾಟರಿ ಬಳಕೆ ಎಷ್ಟು ಇಳಿಯಿತು ಎಂದು ಅಳೆದು ತೋರಿಸಿದರೆ ಮಾತು ಬೇರೆಯಾಗುತ್ತದೆ. ಹಾಗಾಗಿ ಪ್ರಯೋಗದ ಅಂಕಿಅಂಶಗಳನ್ನು ಕೆಲಸ ನಡೆಯುತ್ತಿರುವಾಗಲೇ ದಾಖಲಿಸಿಡಿ. ಸುಧಾರಣೆಗೆ ಮುಂಚೆ ಎಷ್ಟು ಹೊತ್ತು ಹಿಡಿಯುತ್ತಿತ್ತು, ಆಮೇಲೆ ಎಷ್ಟು, ಯಾವ ಫೋನಿನಲ್ಲಿ ಎಂಬ ಸಾದಾ ಕೋಷ್ಟಕವೂ ವಿಚಾರಣೆಯಲ್ಲಿ ಉದ್ದುದ್ದ ವಾದಕ್ಕಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ. 'ಮೆಮೊರಿಯೂ ಪ್ರೊಸೆಸರೂ ಇರುವ ವ್ಯವಸ್ಥೆ' ಎಂದು ಕ್ಲೇಮಿನ (ಯಾವುದರ ಮೇಲೆ ಹಕ್ಕು ಕೇಳುತ್ತೀರಿ ಎಂದು ಹೇಳುವ ಭಾಗದ) ಆರಂಭದಲ್ಲಿ ಸೇರಿಸಿದರೆ ಸಾಕು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕಚೇರಿಯೂ ನ್ಯಾಯಾಲಯವೂ ನೋಡುವುದು ಹುರುಳನ್ನು. ಕೃತಕ ಬುದ್ಧಿಮತ್ತೆಯ ಅರ್ಜಿಗಳಿಗೆ ಇನ್ನೊಂದು ಎಚ್ಚರಿಕೆ: ಆವಿಷ್ಕಾರವನ್ನು ಬೇರೊಬ್ಬ ಪರಿಣತ ಓದಿ ಮಾಡಿ ನೋಡುವಷ್ಟು ಪೂರ್ಣವಾಗಿ ವಿವರಿಸಬೇಕೆಂದು ಕಾಯ್ದೆ ಕೇಳುತ್ತದೆ. 'ಮಾದರಿಗೆ ತರಬೇತಿ ಕೊಡಲಾಯಿತು' ಎಂದಷ್ಟೇ ಬರೆದರೆ ಸಾಲದು.

ಅರ್ಜಿ ಹಾಕುವ ಮುನ್ನ

ಎಲ್ಲಕ್ಕಿಂತ ಮೊದಲು: ಬಾಯಿಬಿಡಬೇಡಿ. ಗಿಟ್‌ಹಬ್‌ನಲ್ಲಿ ಎಲ್ಲರಿಗೂ ಕಾಣುವಂತೆ ಕೋಡು ಹಾಕಿದರೆ, ಸಮ್ಮೇಳನದಲ್ಲಿ ಡೆಮೊ ಕೊಟ್ಟರೆ, ಯೂಟ್ಯೂಬಿನಲ್ಲಿ ವಿವರಿಸಿದರೆ ಹೊಸತನ ಅಲ್ಲಿಗೇ ಮುಗಿಯಬಹುದು. ಅಮೆರಿಕದಲ್ಲಿ ಸ್ವಂತ ಪ್ರಕಟಣೆಯ ನಂತರವೂ ಒಂದು ವರ್ಷದ ಅವಕಾಶವಿದೆ. ನಮ್ಮಲ್ಲಿ ಆ ರಿಯಾಯಿತಿ ಸರ್ಕಾರ ಅಧಿಸೂಚಿಸಿದ ಪ್ರದರ್ಶನ, ವಿದ್ವತ್ ಸಂಸ್ಥೆಯ ಮುಂದೆ ಓದಿದ ಪ್ರಬಂಧ ಮುಂತಾದ ಕೆಲವೇ ಸಂದರ್ಭಗಳಿಗೆ, ಅದೂ 12 ತಿಂಗಳಿಗೆ ಸೀಮಿತ. ಎಂಜಿನಿಯರಿಂಗ್ ಕಾಲೇಜುಗಳ ಪ್ರಾಜೆಕ್ಟ್ ಪ್ರದರ್ಶನಗಳು ಬಹುತೇಕ ಇದರೊಳಗೆ ಬರುವುದಿಲ್ಲ. ಹೂಡಿಕೆದಾರರಿಗೋ ಪಾಲುದಾರರಿಗೋ ತೋರಿಸಲೇಬೇಕಾದರೆ ಗೋಪ್ಯತೆಯ ಒಪ್ಪಂದಕ್ಕೆ ಸಹಿ ಹಾಕಿಸಿಕೊಳ್ಳಿ.

ಆಮೇಲೆ ಹುಡುಕಾಟ. ನಮ್ಮ ಪೇಟೆಂಟ್ ಕಚೇರಿಯ ಇನ್‌ಪಾಸ್, ಗೂಗಲ್ ಪೇಟೆಂಟ್ಸ್, ಯುರೋಪಿನ ಎಸ್ಪಾಸ್‌ನೆಟ್ ಎಲ್ಲವೂ ಉಚಿತ. ಒಂದು ವಾರ ಕೂತು ಹುಡುಕಿದರೆ ಬಹುಪಾಲು ಆಸೆಗಳು ಅಲ್ಲೇ ಕರಗುತ್ತವೆ, ಖರ್ಚೂ ಉಳಿಯುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ಪೇಟೆಂಟ್ ಮಾಹಿತಿ ಕೇಂದ್ರದಲ್ಲೂ ಕೇಳಬಹುದು.

ಕರ್ನಾಟಕದವರ ಅರ್ಜಿ ಹೋಗುವುದು ಚೆನ್ನೈನ ಪೇಟೆಂಟ್ ಕಚೇರಿಗೆ. ಅರ್ಜಿ ಆನ್‌ಲೈನಿನಲ್ಲೇ ಸಲ್ಲುತ್ತದೆ, ವಿಚಾರಣೆಗಳೂ ವಿಡಿಯೋ ಮೂಲಕ ನಡೆಯುತ್ತವೆ. ಆದರೆ ತಿರಸ್ಕಾರವಾದರೆ ಮೇಲ್ಮನವಿಯ ದಾರಿಯೂ ಕಚೇರಿಯನ್ನೇ ಹಿಂಬಾಲಿಸಿ ಮದ್ರಾಸ್ ಹೈಕೋರ್ಟಿಗೆ ಹೋಗುತ್ತದೆ. ಹಿಂದೆ ಇದ್ದ ಮೇಲ್ಮನವಿ ಮಂಡಳಿಯನ್ನು 2021ರಲ್ಲಿ ರದ್ದುಪಡಿಸಲಾಯಿತು. ಮೇಲ್ಮನವಿಗೆ ಮೂರು ತಿಂಗಳ ಅವಧಿಯಿದೆ.

ಆಲೋಚನೆ ಗಟ್ಟಿಯಾಗಿದ್ದು ವಿವರ ಇನ್ನೂ ಪೂರ್ತಿಯಾಗಿಲ್ಲದಿದ್ದರೆ ತಾತ್ಕಾಲಿಕ ಅರ್ಜಿ ಹಾಕಿ ದಿನಾಂಕ ಕಾದಿರಿಸಬಹುದು. ಪೂರ್ಣ ವಿವರವನ್ನು 12 ತಿಂಗಳೊಳಗೆ ಕೊಡಬೇಕು. ಆನ್‌ಲೈನ್ ಅರ್ಜಿಯ ಶುಲ್ಕ ವ್ಯಕ್ತಿಗಳಿಗೆ, ಸ್ಟಾರ್ಟ್‌ಅಪ್‌ಗಳಿಗೆ, ಸಣ್ಣ ಉದ್ದಿಮೆಗಳಿಗೆ, ಶಿಕ್ಷಣ ಸಂಸ್ಥೆಗಳಿಗೆ ₹1,600, ಉಳಿದವರಿಗೆ ₹8,000. ಇಷ್ಟಕ್ಕೇ ಯಾರೂ ಅರ್ಜಿಯನ್ನು ಪರೀಕ್ಷಿಸುವುದಿಲ್ಲ. ಪರೀಕ್ಷೆಗೆಂದು ಬೇರೆ ಕೋರಿಕೆ ಹಾಕಬೇಕು: ಮೊದಲ ಗುಂಪಿಗೆ ₹4,000, ಉಳಿದವರಿಗೆ ₹20,000. 2024ರ ಮಾರ್ಚ್ ತಿದ್ದುಪಡಿಯ ನಂತರದ ಅರ್ಜಿಗಳಿಗೆ ಇದರ ಗಡುವು ಮೊದಲ ಅರ್ಜಿಯ ದಿನದಿಂದ 31 ತಿಂಗಳು. ಹಿಂದೆ 48 ತಿಂಗಳಿತ್ತು, ಹಳೆಯ ಲೆಕ್ಕ ನಂಬಿ ಕೂತವರ ಅರ್ಜಿ ಸತ್ತೇಹೋಗುತ್ತದೆ. ಸ್ಟಾರ್ಟ್‌ಅಪ್‌ಗಳು, ಸಣ್ಣ ಉದ್ದಿಮೆಗಳು, ಅರ್ಜಿದಾರರಲ್ಲಿ ಮಹಿಳೆಯಿರುವ ವ್ಯಕ್ತಿಗಳು ₹8,000 ಕೊಟ್ಟು ತ್ವರಿತ ಪರೀಕ್ಷೆ ಕೋರಬಹುದು. ಮೊದಲ ಪರೀಕ್ಷಾ ವರದಿ ಬಂದ ಮೇಲೆ ಉತ್ತರಕ್ಕೆ ಆರು ತಿಂಗಳು, ಶುಲ್ಕ ಕಟ್ಟಿದರೆ ಇನ್ನೂ ಮೂರು. ಸರ್ಕಾರಿ ಶುಲ್ಕಕ್ಕಿಂತ ಪೇಟೆಂಟ್ ಏಜೆಂಟರ ಶುಲ್ಕವೇ ಸಾಮಾನ್ಯವಾಗಿ ದೊಡ್ಡದು. ಮಾನ್ಯತೆ ಪಡೆದ ಸ್ಟಾರ್ಟ್‌ಅಪ್‌ಗಳಿಗೆ ಏಜೆಂಟರ ನೆರವನ್ನು ಕೇಂದ್ರ ಸರ್ಕಾರದ ವೆಚ್ಚದಲ್ಲಿ ಒದಗಿಸುವ ಯೋಜನೆಯಿದೆ, ರಾಜ್ಯದ ಸ್ಟಾರ್ಟ್‌ಅಪ್ ನೀತಿಯಲ್ಲೂ ಪೇಟೆಂಟ್ ವೆಚ್ಚದ ಮರುಪಾವತಿಗೆ ಅವಕಾಶವಿದೆ. ಕೇಳಿ ಪಡೆಯಿರಿ.

ಶುಲ್ಕಕ್ಕಿಂತ ದೊಡ್ಡ ಬೆಲೆ ಇನ್ನೊಂದಿದೆ. ಅರ್ಜಿ 18 ತಿಂಗಳಿಗೆ ಪ್ರಕಟವಾಗುತ್ತದೆ. ಪೇಟೆಂಟ್ ಸಿಗಲಿ ಬಿಡಲಿ, ನಿಮ್ಮ ತಂತ್ರ ಅಂದಿನಿಂದ ಜಗಜ್ಜಾಹೀರು. 3(ಕೆ) ಅಡಿ ತಿರಸ್ಕಾರವಾದರೆ ಗುಟ್ಟೂ ಹೋಯಿತು, ಹಕ್ಕೂ ಇಲ್ಲ. ಸರ್ವರಿನೊಳಗೇ ನಡೆಯುವ, ಹೊರಗಿನವರು ನೋಡಿ ಊಹಿಸಲಾಗದ ತಂತ್ರವಾದರೆ ಗುಟ್ಟಾಗಿ ಇಟ್ಟುಕೊಳ್ಳುವುದೇ ಅನೇಕ ಸಲ ಜಾಣ ದಾರಿ. ವ್ಯಾಪಾರ ರಹಸ್ಯಕ್ಕೆಂದೇ ನಮ್ಮಲ್ಲಿ ಪ್ರತ್ಯೇಕ ಕಾಯ್ದೆಯಿಲ್ಲದ ಕಾರಣ ಗೋಪ್ಯತೆಯ ಒಪ್ಪಂದಗಳನ್ನು ಬಿಗಿಯಾಗಿ ಬರೆಸಬೇಕಷ್ಟೆ.

ವಿದೇಶದಲ್ಲಿ ಮೊದಲು ಅರ್ಜಿ ಹಾಕುವ ಆಲೋಚನೆಯಿದ್ದರೆ ಕಲಂ 39 ಓದಲೇಬೇಕು. ಭಾರತದಲ್ಲಿ ವಾಸಿಸುವವರು ಇಲ್ಲಿ ಅರ್ಜಿ ಹಾಕಿ ಆರು ವಾರ ಕಳೆಯದೆ, ಇಲ್ಲವೇ ಪೇಟೆಂಟ್ ಕಚೇರಿಯ ಲಿಖಿತ ಅನುಮತಿ ಪಡೆಯದೆ, ಹೊರದೇಶದಲ್ಲಿ ಅರ್ಜಿ ಹಾಕುವಂತಿಲ್ಲ. ಲೆಕ್ಕಕ್ಕೆ ಬರುವುದು ವಾಸಸ್ಥಳ, ಪೌರತ್ವವಲ್ಲ. ಸ್ಯಾನ್ ಹೋಸೆಯಲ್ಲಿ ನೆಲೆಸಿದ ಕನ್ನಡಿಗ ಒಬ್ಬನೇ ಮಾಡಿದ ಶೋಧಕ್ಕೆ ಇದು ತಗಲುವುದಿಲ್ಲ. ಅದೇ ಶೋಧದಲ್ಲಿ ಬೆಂಗಳೂರಿನ ಸಹೋದ್ಯೋಗಿಯೂ ಪಾಲುದಾರಳಾಗಿದ್ದರೆ ತಗಲುತ್ತದೆ. ಉಲ್ಲಂಘಿಸಿದರೆ ಎರಡು ವರ್ಷದವರೆಗೆ ಜೈಲು, ದಂಡ, ಅಥವಾ ಎರಡೂ. ಇಲ್ಲಿನ ಅರ್ಜಿಯೂ ಬಿದ್ದುಹೋಗುತ್ತದೆ. ಅಮೆರಿಕದಲ್ಲಿ ಎಲ್ಲಕ್ಕೂ ಪೇಟೆಂಟ್ ಸಿಗುತ್ತದೆ ಎಂಬ ನಂಬಿಕೆಯೂ ಹಳೆಯದು. 2014ರ ಆಲಿಸ್ ತೀರ್ಪಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಅಮೂರ್ತ ಆಲೋಚನೆಯೊಂದನ್ನು ಸಾಮಾನ್ಯ ಕಂಪ್ಯೂಟರಿನಲ್ಲಿ ಓಡಿಸಿದ ಮಾತ್ರಕ್ಕೆ ಪೇಟೆಂಟ್ ಇಲ್ಲ ಎಂದಿದೆ.

ಕೋಡು ಯಾರದ್ದು?

ಪೇಟೆಂಟ್ ಬೇಡವೆಂದರೂ ನಿಮ್ಮ ಕೋಡಿಗೆ ರಕ್ಷಣೆ ಇದ್ದೇ ಇದೆ. 1957ರ ಕಾಪಿರೈಟ್ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಸಾಹಿತ್ಯ ಕೃತಿ. ಬರೆದ ಕ್ಷಣದಿಂದ ಹಕ್ಕು ಹುಟ್ಟುತ್ತದೆ, ಬರೆದವರ ಜೀವಿತಾವಧಿ ಮತ್ತು ನಂತರ 60 ವರ್ಷ ಇರುತ್ತದೆ. ನೋಂದಣಿ ಕಡ್ಡಾಯವಲ್ಲ, ಆದರೆ ವ್ಯಾಜ್ಯ ಬಂದಾಗ ಸಾಕ್ಷ್ಯವಾಗಿ ನೆರವಾಗುತ್ತದೆ. ನೋಂದಣಿಗೆ ಮೂಲ ಕೋಡಿನ ಮೊದಲ 10 ಮತ್ತು ಕೊನೆಯ 10 ಪುಟಗಳನ್ನಾದರೂ ಕೊಡಬೇಕು. 2021ರ ನಿಯಮದ ಪ್ರಕಾರ ಅದರಲ್ಲಿ ಏನನ್ನೂ ಮರೆಮಾಡುವಂತಿಲ್ಲ, ಹಾಗಾಗಿ ಗುಟ್ಟಿನ ಭಾಗ ಆ ಪುಟಗಳಲ್ಲಿ ಬರದಂತೆ ನೋಡಿಕೊಳ್ಳಿ. ಕಾಪಿರೈಟ್ ತಡೆಯುವುದು ನಕಲನ್ನು ಮಾತ್ರ. ಅದೇ ಕೆಲಸವನ್ನು ಬೇರೊಬ್ಬರು ತಮ್ಮದೇ ಕೋಡಿನಲ್ಲಿ ಮಾಡಿದರೆ ಅದಕ್ಕೆ ತಡೆಯಿಲ್ಲ. ಹಾಗಿರುವುದೇ ಸರಿ ಎನ್ನುವವರಲ್ಲಿ ನಾನೂ ಒಬ್ಬ.

ಸಣ್ಣ ಕಂಪನಿಗಳು ಪೆಟ್ಟು ತಿನ್ನುವುದು ಮಾಲೀಕತ್ವದ ವಿಷಯದಲ್ಲಿ. ನೌಕರರು ಕೆಲಸದ ಭಾಗವಾಗಿ ಬರೆದ ಕೋಡಿನ ಕಾಪಿರೈಟ್, ಬೇರೆ ಒಪ್ಪಂದವಿಲ್ಲದಿದ್ದರೆ, ಕಂಪನಿಯದು. ಫ್ರೀಲ್ಯಾನ್ಸರ್‌ಗೆ ಕೊಟ್ಟು ಬರೆಸಿದ್ದರೆ ಹಣ ಕೊಟ್ಟಿದ್ದರೂ ಹಕ್ಕು ಬರೆದವರದ್ದೇ, ಲಿಖಿತವಾಗಿ ವರ್ಗಾಯಿಸಿಕೊಳ್ಳುವ ತನಕ. ಆ ಪತ್ರದಲ್ಲಿ ಅವಧಿ ಬರೆಯದಿದ್ದರೆ ಕಾನೂನು ಅದನ್ನು ಐದು ವರ್ಷವೆಂದು ಭಾವಿಸುತ್ತದೆ. ಯಾವ ದೇಶಗಳಿಗೆ ಎಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ. ಒಂದು ಪುಟದ ಒಪ್ಪಂದದಲ್ಲಿ ಈ ಎರಡು ಸಾಲು ಬಿಟ್ಟುಹೋದರೆ ಕಂಪನಿ ಮಾರುವ ದಿನ ಅದು ಎದ್ದು ಕೂರುತ್ತದೆ. ಪೇಟೆಂಟಿನ ವಿಷಯದಲ್ಲಂತೂ ನೌಕರರ ಆವಿಷ್ಕಾರ ತಾನಾಗಿ ಕಂಪನಿಯದಾಗುತ್ತದೆ ಎಂಬ ಕಲಂ ಕಾಯ್ದೆಯಲ್ಲಿಲ್ಲ. ಆವಿಷ್ಕಾರಕರಿಂದ ಹಕ್ಕು ಬಂದಿದೆ ಎಂಬುದಕ್ಕೆ ದಾಖಲೆ ಬೇಕು. ಮುಕ್ತ ತಂತ್ರಾಂಶಕ್ಕೆ ಕೋಡು ಕೊಡುವವರೂ ಪರವಾನಗಿ ಓದಲಿ: ಅಪಾಚೆ 2.0, ಜಿಪಿಎಲ್ 3 ಎರಡರಲ್ಲೂ ಕೊಟ್ಟ ಕೋಡಿಗೆ ತಗಲುವ ನಿಮ್ಮ ಪೇಟೆಂಟುಗಳನ್ನು ಬಳಸಲು ಎಲ್ಲರಿಗೂ ಅನುಮತಿ ಕೊಡುವ ಷರತ್ತುಗಳಿವೆ.

ನೋಟಿಸ್ ಬಂದರೆ

ಅರ್ಜಿ ಹಾಕುವ ಯೋಚನೆಯೇ ಇಲ್ಲದವರಿಗೂ ಒಂದು ದಿನ ವಕೀಲರ ನೋಟಿಸ್ ಬರಬಹುದು: ನಿಮ್ಮ ಆ್ಯಪ್ ನಮ್ಮ ಪೇಟೆಂಟ್ ಉಲ್ಲಂಘಿಸುತ್ತಿದೆ ಎಂದು. ಹೆದರಿ ಹಣ ಕಟ್ಟುವ ಮುನ್ನ ಪೇಟೆಂಟ್ ಸಂಖ್ಯೆಯನ್ನು ಇನ್‌ಪಾಸ್‌ನಲ್ಲಿ ಹಾಕಿ ನೋಡಿ. ಅದು ಭಾರತದ ಪೇಟೆಂಟೇ? ಅಮೆರಿಕದ ಪೇಟೆಂಟಿಗೆ ಇಲ್ಲಿ ಬಲವಿಲ್ಲ. ನಿಮ್ಮ ಗ್ರಾಹಕರು ಅಲ್ಲಿದ್ದರೆ ಮಾತ್ರ ಅಲ್ಲಿನ ಕಾನೂನನ್ನು ಬೇರೆಯಾಗಿ ಯೋಚಿಸಬೇಕು. ಮಂಜೂರಾಗಿದೆಯೇ ಅಥವಾ ಬರೀ ಅರ್ಜಿಯೇ? ವಾರ್ಷಿಕ ಶುಲ್ಕ ಕಟ್ಟುತ್ತಾ ಬಂದಿದ್ದಾರೆಯೇ? ನೋಟಿಸಿನ ಭಾಷೆಗೆ ತಲೆಕೆಡಿಸಿಕೊಳ್ಳದೆ ಪೇಟೆಂಟಿನ ಕೊನೆಯಲ್ಲಿರುವ ಕ್ಲೇಮುಗಳನ್ನು ಓದಿ. ಕ್ಲೇಮಿನ ಪ್ರತಿ ಹಂತವೂ ನಿಮ್ಮ ಪ್ರೋಗ್ರಾಂನಲ್ಲಿ ಇದೆಯೇ ಎಂದು ನಿಮ್ಮ ಎಂಜಿನಿಯರ್ ಜೊತೆ ಕೂತು ಹೋಲಿಸಿ.

ಮಂಜೂರಾದ ಪೇಟೆಂಟ್ ಅಲುಗಾಡದ ಬಂಡೆ ಎಂದು ನಮ್ಮ ಕಾಯ್ದೆ ಭಾವಿಸುವುದಿಲ್ಲ. ಪರೀಕ್ಷೆಯಲ್ಲಿ ಪಾಸಾದದ್ದು ಸಿಂಧುತ್ವಕ್ಕೆ ಖಾತರಿಯಲ್ಲ ಎಂದು ಕಲಂ 13 ಸ್ಪಷ್ಟವಾಗಿ ಹೇಳುತ್ತದೆ. ಕಲಂ 64ರ ಯಾವ ಕಾರಣಕ್ಕೆ ಪೇಟೆಂಟನ್ನು ರದ್ದು ಮಾಡಬಹುದೋ ಅವನ್ನೆಲ್ಲ ಉಲ್ಲಂಘನೆಯ ದಾವೆಯಲ್ಲಿ ನಿಮ್ಮ ಸಮರ್ಥನೆಯಾಗಿ ಬಳಸಲು ಕಲಂ 107 ಅವಕಾಶ ಕೊಡುತ್ತದೆ. ಅದು ಬರೀ ಪ್ರೋಗ್ರಾಂ ಅಥವಾ ವ್ಯಾಪಾರದ ವಿಧಾನ ಎಂಬ 3(ಕೆ) ವಾದವೂ ಅದರಲ್ಲಿ ಸೇರಿದೆ. ಪ್ರತಿದಾವೆಯಾಗಿ ರದ್ದತಿ ಕೋರಿದರೆ ಪ್ರಕರಣ ಜಿಲ್ಲಾ ನ್ಯಾಯಾಲಯದಿಂದ ಹೈಕೋರ್ಟಿಗೆ ವರ್ಗವಾಗುತ್ತದೆ. ಆಧಾರವಿಲ್ಲದೆ ಬೆದರಿಸಿದ್ದರೆ ಕಲಂ 106ರ ಅಡಿ ನೀವೇ ದಾವೆ ಹೂಡಿ ತಡೆಯಾಜ್ಞೆ, ಪರಿಹಾರ ಕೇಳಬಹುದು. ಬೆದರಿಸಿದವರು ಆಗ ಉಲ್ಲಂಘನೆಯನ್ನು ಸಾಬೀತು ಮಾಡಬೇಕಾಗುತ್ತದೆ. ಈ ಕಲಂ ಬಗ್ಗೆ ಸಣ್ಣ ಉದ್ಯಮಿಗಳಿಗೆ ಸಾಕಷ್ಟು ತಿಳಿದಿಲ್ಲ, ತಿಳಿದಿರಬೇಕು.

ಮಂಜೂರಾಗುವ ಮೊದಲೇ ತಡೆಯುವ ದಾರಿಯೂ ಇದೆ. ಅರ್ಜಿ ಪ್ರಕಟವಾದ ಮೇಲೆ ಮಂಜೂರಾಗುವ ತನಕ ಯಾರು ಬೇಕಾದರೂ ಕಲಂ 25(1)ರ ಅಡಿ ಆಕ್ಷೇಪಣೆ ಸಲ್ಲಿಸಬಹುದು. 2024ರವರೆಗೆ ಇದು ಉಚಿತವಾಗಿತ್ತು, ಈಗ ವ್ಯಕ್ತಿಗಳಿಗೂ ಸ್ಟಾರ್ಟ್‌ಅಪ್‌ಗಳಿಗೂ ₹4,000 ಶುಲ್ಕವಿದೆ. ಮಂಜೂರಾದ ಮೇಲಿನ ಆಕ್ಷೇಪಣೆ ಹಿತಾಸಕ್ತಿ ಇರುವವರಿಗೆ ಮಾತ್ರ, ಅದೂ ಪೇಟೆಂಟ್ ಪ್ರಕಟವಾದ ಒಂದು ವರ್ಷದೊಳಗೆ. ನಿಮ್ಮ ಕ್ಷೇತ್ರದ ಎರಡು ಮೂರು ಪದಗಳನ್ನು ಇಟ್ಟುಕೊಂಡು ಪೇಟೆಂಟ್ ಕಚೇರಿ ಪ್ರತಿ ಶುಕ್ರವಾರ ಹೊರತರುವ ಜರ್ನಲ್ ಮೇಲೆ ಕಣ್ಣಾಡಿಸುತ್ತಿದ್ದರೆ, ಎಲ್ಲರೂ ಬಳಸುವ ವಿಧಾನವೊಂದರ ಮೇಲೆ ಯಾರಾದರೂ ಹಕ್ಕು ಕೇಳಿದಾಗ ಆಕ್ಷೇಪಿಸಲು ಸಮಯ ಸಿಗುತ್ತದೆ.